ಬೇ ಲಾರೆಲ್ ಎಲೆ: ಹಸಿಯೋ, ಒಣಗಿದ್ದೋ?

ಕುಂಡದಲ್ಲಿ ಬೇ ಲಾರೆಲ್ ಬೆಳೆಸಿ ಮೂರು ವರ್ಷ ಆಯಿತು. ಮೊನ್ನೆ ನಾಲ್ಕು ಹಸಿ ಎಲೆ ಕಿತ್ತು ಸೂಪಿಗೆ ಹಾಕಿದೆ. ಕಹಿಯೋ ಕಹಿ! ಒಣಗಿಸಿಯೇ ಬಳಸಬೇಕಾ? ಅಡುಗೆ ಬಿಟ್ಟು ಬೇರೆ ಯಾವುದಕ್ಕಾದರೂ ಬರುತ್ತದಾ? ಬಳಸಿದವರು ಹೇಳಿ.

— ನಾಲ್ಕು ಎಲೆ ಜಾಸ್ತಿಯಾಯಿತು. ನನಗೂ ಮೊದಲ ಸಲ ಹೀಗೇ ಆಗಿತ್ತು. ಹಸಿ ಎಲೆಯ ಕಹಿ ಒಣಗಿದ ಮೇಲೆ ತಗ್ಗುತ್ತದೆ. ಚಿಗುರು ಬೇಡ, ಬಲಿತ ಕಡು ಹಸಿರು ಎಲೆ ಕೀಳಿ. ಬಿಸಿಲಿಗೆ ಹಾಕಿದರೆ ಬಣ್ಣವೂ ಹೋಗುತ್ತದೆ, ಘಮವೂ ಹೋಗುತ್ತದೆ. ನಾನು ಕಾಗದದ ಮೇಲೆ ಒಂದೊಂದಾಗಿ ಹರಡಿ ನೆರಳಲ್ಲಿ ಎರಡು ವಾರ ಬಿಡುತ್ತೇನೆ. ಸುರುಟಿಕೊಳ್ಳದಿರಲಿ ಅಂತ ಕೊನೆಯ ಕೆಲವು ದಿನ ಮೇಲೊಂದು ಹಲಗೆ. ಮುರಿದರೆ ಪಟ್ ಅನ್ನಬೇಕು. ಆಮೇಲೆ ಗಾಜಿನ ಡಬ್ಬಿಗೆ ತುಂಬಿ ಕತ್ತಲಲ್ಲಿಡಿ. ವರ್ಷ ದಾಟಿದ ಎಲೆ ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಒಂದು ಪಾತ್ರೆ ಸೂಪಿಗೆ ಎರಡು ಸಾಕು. ಶುರುವಿನಲ್ಲೇ ಹಾಕಿ, ಘಮ ಬಿಡಲು ಹೊತ್ತು ಬೇಕು. ಬಡಿಸುವ ಮೊದಲು ಮರೆಯದೆ ತೆಗೆಯಿರಿ. ಎಷ್ಟು ಬೆಂದರೂ ಮೆತ್ತಗಾಗುವ ಎಲೆಯಲ್ಲ ಇದು, ಗಂಟಲಿಗೆ ಸಿಕ್ಕೀತು.

— ಅದು ಬೇ ಲಾರೆಲ್ ಹೌದೋ ಅಲ್ಲವೋ ಮೊದಲು ನೋಡಿ. ನಾನು ಅದೇ ಅಂತ ತಂದ ಗಿಡ ತಮಾಲಪತ್ರ ಆಗಿತ್ತು! ಅದು ದಾಲ್ಚಿನ್ನಿಯ ಹತ್ತಿರದ ನೆಂಟ. ಎಲೆಯುದ್ದಕ್ಕೂ ಮೂರು ನರ ಇರುತ್ತವೆ, ಬೇ ಲಾರೆಲ್‌ಗೆ ನಡುವೆ ಒಂದೇ. ತಮಾಲಪತ್ರವೂ ಅಡುಗೆಗೆ ಆಗುತ್ತದೆ, ಹಾಗಾಗಿ ನಷ್ಟವೇನೂ ಆಗಲಿಲ್ಲ ಅನ್ನಿ. ಆದರೆ ಚೆರ್ರಿ ಲಾರೆಲ್ ಅಂತ ಇನ್ನೊಂದಿದೆ. ಹೆಸರಿನಲ್ಲಷ್ಟೇ ನಂಟು, ಎಲೆ ವಿಷ. ಉಜ್ಜಿದರೆ ಬಾದಾಮಿ ಎಸೆನ್ಸಿನ ವಾಸನೆ ಬರುತ್ತದೆ, ಅದು ಸಯನೈಡ್ ಬಿಡುವ ಗಿಡ. ಅನುಮಾನ ಇದ್ದರೆ ಪಾತ್ರೆಗೆ ಹಾಕಲೇಬೇಡಿ.

— ನಾನು ಒಣ ಎಲೆಯನ್ನು ಅಕ್ಕಿ ಡಬ್ಬಕ್ಕೆ ಹಾಕಿಡುತ್ತೇನೆ. ಹುಳ ಕಮ್ಮಿಯಾದ ಹಾಗಿದೆ. ಆಗಲೇ ಹುಳ ಹಿಡಿದ ಅಕ್ಕಿಗೆ ಹಾಕಿ ನೋಡಿದ್ದೂ ಆಯಿತು, ಒಂದೂ ಸಾಯಲಿಲ್ಲ.

ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ನೋಡಿ ಬಂದೆ. ನರ ಒಂದೇ, ಉಜ್ಜಿದರೆ ನೀಲಗಿರಿ ಎಣ್ಣೆಯ ಘಾಟು ಇದೆ. ಆದರೆ ಕೆಲವು ಎಲೆ ಅಂಟಂಟಾಗಿವೆ, ಇರುವೆಯೂ ಹತ್ತಿದೆ. ಏನದು?

— ಎಲೆಯ ಬೆನ್ನು ತಿರುಗಿಸಿ ನೋಡಿ. ನಡುನರದ ಪಕ್ಕ ಕಂದು ಹುರುಪೆಯಂತೆ ಕೂತಿರುತ್ತವಲ್ವಾ, ಅವೇ ರಸ ಹೀರುವ ಕೀಟ. ಇರುವೆ ಬರುವುದು ಅವು ಬಿಡುವ ಸಿಹಿ ಅಂಟಿಗೆ. ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿ. ವಾರಕ್ಕೊಮ್ಮೆ, ಮೂರ್ನಾಲ್ಕು ಸಲ. ಅಲ್ಲಿಯವರೆಗೆ ಆ ಕೊಂಬೆಯ ಎಲೆ ಒಣಗಿಸಬೇಡಿ.