ತಣ್ಣನೆಯ ಹೊಗೆ ಕೊಡಲು ರಟ್ಟಿನ ಪೆಟ್ಟಿಗೆ ಸಾಕೇ?

ಪ್ರಶ್ನೆ: ಸರ್, ಚೀಸಿಗೆ ಹೊಗೆಯ ರುಚಿ ಹಿಡಿಸಲು ರಟ್ಟಿನ ಪೆಟ್ಟಿಗೆಯ ತಳದಲ್ಲಿ ಕೆಂಡದ ತಟ್ಟೆ ಇಟ್ಟು, ಅದರ ಮೇಲೆ ಮರದ ಪುಡಿ ಉದುರಿಸಿ, ಮೇಲಿನ ಜಾಲರಿಯಲ್ಲಿ ಚೀಸ್ ಇಟ್ಟಿದ್ದೆ. ಅರ್ಧ ಗಂಟೆಯಲ್ಲೇ ಚೀಸ್ ಕರಗಿ ಸೋರಿತು. ಉಳಿದದ್ದು ಬಾಯಿಗಿಡಲಾಗದಷ್ಟು ಕಹಿ. ಮನೆಯಲ್ಲಿರುವ ಸಾಮಾನಿನಿಂದಲೇ ಇದನ್ನು ಸರಿಯಾಗಿ ಮಾಡಬಹುದೇ?

ಉತ್ತರ: ಖಂಡಿತ ಮಾಡಬಹುದು. ಪೆಟ್ಟಿಗೆಯಲ್ಲಿ ದೋಷವಿಲ್ಲ, ಕೆಟ್ಟದ್ದು ಕೆಂಡದಿಂದ. ಈ ಕೆಲಸಕ್ಕೆ ಹೊಗೆ ಬೇಕು, ಬಿಸಿ ಬೇಡ. ಪೆಟ್ಟಿಗೆಯೊಳಗೆ 30 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಅದಕ್ಕಿಂತ ಸ್ವಲ್ಪ ಮೇಲೆ ಹೋದರೂ ಚೀಸಿನ ಕೊಬ್ಬು ಬೆವರತೊಡಗುತ್ತದೆ. ಒಂದು ಥರ್ಮಾಮೀಟರನ್ನು ಚೀಸಿನ ಪಕ್ಕದಲ್ಲೇ ತೂಗುಹಾಕಿ, ಅಂದಾಜಿನ ಮೇಲೆ ನಡೆಯಬೇಡಿ.

ಕೆಂಡದ ಬದಲು ಸಣ್ಣ ಕಣ್ಣಿನ ಸ್ಟೀಲ್ ಜಾಲರಿಯನ್ನು ಬಸವನಹುಳದ ಚಿಪ್ಪಿನ ಸುರುಳಿಯಂತೆ ಕಾಲುವೆ ಮಾಡಿ ಬಗ್ಗಿಸಿ. ಅದರಲ್ಲಿ ಚೆನ್ನಾಗಿ ಒಣಗಿದ ಮರದ ಪುಡಿ ತುಂಬಿ, ಒಂದು ತುದಿಗೆ ಮಾತ್ರ ಮೇಣದ ಬತ್ತಿಯಿಂದ ಕಿಡಿ ತಾಗಿಸಿ. ಜ್ವಾಲೆ ಎದ್ದರೆ ಊದಿ ಆರಿಸಿ. ಊದುಬತ್ತಿಯ ಹಾಗೆ ನಿಧಾನಕ್ಕೆ ಸುಡುತ್ತಾ ಗಂಟೆಗಟ್ಟಲೆ ಹೋಗುತ್ತದೆ. ಸುರುಳಿಯ ಸಾಲುಗಳ ನಡುವೆ ಅಂತರವಿರಲಿ, ಇಲ್ಲದಿದ್ದರೆ ಕಿಡಿ ಪಕ್ಕದ ಸಾಲಿಗೆ ಹಾರಿ ಬಿಸಿ ಏರುತ್ತದೆ. ಸತು ಲೇಪಿಸಿದ ಜಾಲರಿ ಮಾತ್ರ ಬೇಡವೇ ಬೇಡ, ಕಾದರೆ ಅದರ ಆವಿ ವಿಷ. ಪ್ಲೈವುಡ್, ಬಣ್ಣ ಬಳಿದ ಮರ, ಅಂಟು ಸುರಿಸುವ ಪೈನ್‌ನಂಥ ಮರದ ಪುಡಿಯೂ ಬೇಡ. ಓಕ್, ಬೀಚ್, ಸೇಬಿನ ಮರದ ಪುಡಿ ಒಳ್ಳೆಯದು.

ಇಷ್ಟಾದರೂ ಬಿಸಿ ಏರಿದರೆ ಹೊಗೆಯ ಸುರುಳಿಯನ್ನು ಬೇರೆ ತಗಡಿನ ಡಬ್ಬದಲ್ಲಿಟ್ಟು, ಅಲ್ಯೂಮಿನಿಯಂ ಕೊಳವೆಯಲ್ಲಿ ಹೊಗೆಯನ್ನು ಪೆಟ್ಟಿಗೆಗೆ ತನ್ನಿ. ದಾರಿಯಲ್ಲೇ ತಣ್ಣಗಾಗುತ್ತದೆ. ನಾನು ಇದನ್ನೇ ಹೆಚ್ಚು ಮೆಚ್ಚುತ್ತೇನೆ, ರಟ್ಟಿಗೆ ಬೆಂಕಿ ಹತ್ತುವ ಭಯವೂ ಕಡಿಮೆ. ಒಂದೇ ಪೆಟ್ಟಿಗೆಯಲ್ಲಿ ಮಾಡುವುದಾದರೆ ಸುರುಳಿಯ ಕೆಳಗೆ ಇಟ್ಟಿಗೆ ಇರಲಿ, ಬಿಟ್ಟು ಹೋಗಬೇಡಿ. ಹೇಗೆ ಮಾಡಿದರೂ ಮನೆಯ ಹೊರಗೇ ಮಾಡಿ, ಈ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ.

ಇನ್ನು ಕಹಿ. ನಿಂತ ಹೊಗೆ, ತೇವದ ಪುಡಿ, ಒದ್ದೆ ಚೀಸ್, ಈ ಮೂರರಿಂದಲೂ ಕಹಿ ಬರುತ್ತದೆ. ಕೆಳಗೊಂದು, ಮೇಲೊಂದು ತೂತು ಮಾಡಿ ಹೊಗೆ ಹರಿಯುವಂತೆ ನೋಡಿಕೊಳ್ಳಿ. ಚೀಸನ್ನು ಒರೆಸಿ ಒಣಗಿಸಿ, ಎರಡು ಮೂರು ಗಂಟೆ ಹೊಗೆ ಕೊಡಿ. ಆಮೇಲೆ ಸುತ್ತಿ ಫ್ರಿಜ್ಜಿನಲ್ಲಿ ಒಂದೆರಡು ವಾರ ಇಡಿ. ಅಂದೇ ತಿಂದರೆ ಬರೀ ಬೂದಿಯ ರುಚಿ. ಅಷ್ಟು ದಿನ ಕಾದರೆ ಹೊಗೆಯ ರುಚಿ ಒಳಗಿಳಿದು ಮೃದುವಾಗುತ್ತದೆ.

ಪ್ರಶ್ನೆ: ತುಂಬಾ ಉಪಕಾರವಾಯಿತು ಸರ್. ಇದೇ ಪೆಟ್ಟಿಗೆಯಲ್ಲಿ ಮೀನು ಇಡಬಹುದೇ?

ಉತ್ತರ: ಈಗಲೇ ಬೇಡ. ತಣ್ಣನೆಯ ಹೊಗೆ ಏನನ್ನೂ ಬೇಯಿಸುವುದಿಲ್ಲ. ಹಸಿ ಮೀನು, ಮಾಂಸ ಗಂಟೆಗಟ್ಟಲೆ ಆ ಬೆಚ್ಚಗಿನಲ್ಲಿ ಕೂತರೆ ರೋಗಾಣು ಬೆಳೆಯುತ್ತವೆ. ಲಿಸ್ಟೀರಿಯಾ ಎಂಬ ರೋಗಾಣುವಂತೂ ಫ್ರಿಜ್ಜಿನಲ್ಲೂ ಬೆಳೆಯುತ್ತದೆ, ಬಸುರಿಯರಿಗೆ ತುಂಬಾ ಅಪಾಯ. ತೂಕ ನೋಡಿ ಉಪ್ಪು ಹಾಕಿ ಹದ ಮಾಡುವುದನ್ನು ಬಲ್ಲವರ ಪಕ್ಕದಲ್ಲಿ ನಿಂತು ಕಲಿತ ಮೇಲೆ ಆ ಮಾತು. ಹೊಗೆಯ ಮೀನು ತಿನ್ನಲೇಬೇಕೆಂದರೆ ಬಿಸಿ ಹೊಗೆಯಲ್ಲಿ, ಒಳಭಾಗ 63 ಡಿಗ್ರಿ ಮುಟ್ಟುವವರೆಗೆ ಬೇಯಿಸಿ. ಈ ಪೆಟ್ಟಿಗೆಯಲ್ಲಿ ಮುಂದಿನ ಸಲ ಬೆಣ್ಣೆ, ಕಲ್ಲುಪ್ಪು, ಬಾದಾಮಿ ಇಟ್ಟು ನೋಡಿ.