ಬೆಕ್ಕಿಗೆ ಇನ್ಸುಲಿನ್: ಬೆಳಿಗ್ಗೆ 362, ಸಂಜೆ 118. ಪ್ರಮಾಣ ಹೆಚ್ಚಿಸಬೇಕೆ?

ಮಾವಿನಕೆರೆ ದಂಡೆ (ರಾಯಚೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಗಂಡು ಬೆಕ್ಕು ಗುಂಡನಿಗೆ ಒಂಬತ್ತು ವರ್ಷ. ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿದೆ, ತೂಕ 5.8 ಕೆ.ಜಿ. ಎರಡು ತಿಂಗಳಿಂದ ನೀರಿನ ಬಟ್ಟಲನ್ನು ಮತ್ತೆ ಮತ್ತೆ ಖಾಲಿ ಮಾಡುತ್ತಿದ್ದ. ನಮ್ಮೂರಿನ ಬಿಸಿಲಿಗೆ ಯಾರಿಗೆ ತಾನೇ ಬಾಯಾರುವುದಿಲ್ಲ ಎಂದುಕೊಂಡು ಸುಮ್ಮನಿದ್ದೆವು. ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯತೊಡಗಿದಾಗ ಪಶುವೈದ್ಯರಲ್ಲಿಗೆ ಕರೆದೊಯ್ದೆವು. ರಕ್ತದಲ್ಲಿ ಸಕ್ಕರೆ 420 ಇತ್ತು, ಮೂತ್ರದಲ್ಲಿಯೂ ಸಕ್ಕರೆ ಕಂಡಿತು, ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಕರಗಿಸುವಾಗ ಬರುವ ವಸ್ತು) ಇರಲಿಲ್ಲ. ಗ್ಲಾರ್ಜಿನ್ ಇನ್ಸುಲಿನ್ ಅನ್ನು 12 ಗಂಟೆಗೊಮ್ಮೆ 1 ಯೂನಿಟ್ ಕೊಡುವಂತೆ ವೈದ್ಯರು ಬರೆದುಕೊಟ್ಟರು.

ಇಂದಿಗೆ ಹನ್ನೆರಡು ದಿನವಾಯಿತು. ತಂದೆಯವರಿಗೂ ಸಕ್ಕರೆ ಕಾಯಿಲೆ ಇರುವುದರಿಂದ ಸಿರಿಂಜು, ಗ್ಲುಕೋಮೀಟರ್ ಎರಡೂ ಮನೆಯಲ್ಲಿಯೇ ಇದ್ದವು. ಇನ್ಸುಲಿನ್ ಸೀಸೆ ಮಾತ್ರ ಹೊಸದಾಗಿ ತಂದೆವು. ನಿನ್ನೆ ಸಂಜೆ ಆರಕ್ಕೆ 118 ಬಂದಿತು. ಆದರೂ ಎಂದಿನಂತೆ ಸೂಜಿ ಹಾಕಿದೆ. ರಾತ್ರಿ ಹತ್ತರ ಸುಮಾರಿಗೆ ಅವನು ಮಂಚದ ಕೆಳಗೆ ಸೇರಿಕೊಂಡು, ಎದ್ದಾಗ ತೂರಾಡಿದಂತೆ ಕಂಡಿತು. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ ಕೊಟ್ಟ ಮೇಲೆ ಚೇತರಿಸಿಕೊಂಡ. ಇಂದು ಬೆಳಿಗ್ಗೆ ನೋಡಿದರೆ 362! ಬೆಳಗಿನ ಸಂಖ್ಯೆ ಇಳಿಯದಿರುವುದರಿಂದ 2 ಯೂನಿಟ್‌ಗೆ ಏರಿಸಬೇಕು ಎಂದು ಪರಿಚಿತರೊಬ್ಬರು ಹೇಳುತ್ತಿದ್ದಾರೆ. ಏರಿಸಬಹುದೇ? ಸಂಜೆ ಸಕ್ಕರೆ ಕಡಿಮೆ ಇದ್ದಾಗಲೂ ಪೂರ್ತಿ ಪ್ರಮಾಣ ಕೊಡಬೇಕೇ?

ಸೂಜಿಮಲ್ಲಿಗೆ (ಬಳ್ಳಾರಿ)

ಏರಿಸಬೇಡಿ. ಮೊದಲು ಒಂದು ವಿಷಯ ನೋಡಿ ಹೇಳಿ: ತಂದೆಯವರ ಸಿರಿಂಜಿನ ಮುಚ್ಚಳ ಕೆಂಪೋ, ಕಿತ್ತಳೆಯೋ?

ನಮ್ಮ ಕಡೆ ಬಹಳಷ್ಟು ಹಿರಿಯರು ಬಳಸುವ ಸೀಸೆಯ ಇನ್ಸುಲಿನ್ ಒಂದು ಮಿ.ಲೀ.ಗೆ 40 ಯೂನಿಟ್‌ನದು. ಅದಕ್ಕೆ ಹೊಂದುವ ಸಿರಿಂಜಿಗೆ ಕೆಂಪು ಮುಚ್ಚಳ. ಗ್ಲಾರ್ಜಿನ್ ಒಂದು ಮಿ.ಲೀ.ಗೆ 100 ಯೂನಿಟ್‌ನದು. ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜು ಬೇಕು. ಕೆಂಪು ಸಿರಿಂಜಿನ 1 ಯೂನಿಟ್ ಗೆರೆಯವರೆಗೆ ಎಳೆದರೆ 0.025 ಮಿ.ಲೀ. ಔಷಧಿ ಬರುತ್ತದೆ. ಅಷ್ಟು ಗ್ಲಾರ್ಜಿನ್‌ನಲ್ಲಿ ಇರುವುದು 1 ಯೂನಿಟ್ ಅಲ್ಲ, 2.5 ಯೂನಿಟ್. ನಾನು ಹೇಳುತ್ತಿರುವುದು ನಿಜವಾಗಿದ್ದರೆ, ಪರಿಚಿತರ ಮಾತಿನಂತೆ 2ಕ್ಕೆ ಏರಿಸಿದಾಗ ಗುಂಡನ ಮೈಗೆ 5 ಯೂನಿಟ್ ಹೋಗುತ್ತದೆ. ಮುಚ್ಚಳದ ಬಣ್ಣವೊಂದನ್ನೇ ನಂಬಬೇಡಿ. ಸಿರಿಂಜಿನ ಮೈಮೇಲೆ ಮುದ್ರಿಸಿರುವ ಅಂಕಿಯನ್ನೂ ಸೀಸೆಯ ಮೇಲಿನ ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ.

ಮಾವಿನಕೆರೆ ದಂಡೆ

ಕೆಂಪು. ಸಿರಿಂಜಿನ ಮೇಲೆ 40 ಎಂದಿದೆ, ಸೀಸೆಯ ಮೇಲೆ 100 ಎಂದಿದೆ. ಹನ್ನೆರಡು ದಿನ ಎರಡನ್ನೂ ಕೈಯಲ್ಲಿ ಹಿಡಿದೂ ಓದಿರಲಿಲ್ಲ. ಈಗ ಸಂಜೆ ನಾಲ್ಕೂವರೆ, ಸಕ್ಕರೆ 131 ಇದೆ. ಆರಕ್ಕೆ ಏನು ಮಾಡಲಿ?

ಪಶುವೈದ್ಯ (ಕೊಪ್ಪಳ)

ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಈಗಲೇ ಫೋನ್ ಮಾಡಿ, ಸಿರಿಂಜಿನ ವಿಷಯವನ್ನು ಮುಚ್ಚಿಡದೆ ತಿಳಿಸಿ. ಅವರು ಸಿಗದಿದ್ದರೆ ಇಂದು ಸಂಜೆಯ ಸೂಜಿಯನ್ನು ಬಿಟ್ಟುಬಿಡಿ. ಕೀಟೋನ್ ಇಲ್ಲದೆ ಚೆನ್ನಾಗಿ ತಿನ್ನುತ್ತಿರುವ ಬೆಕ್ಕಿಗೆ ಒಂದು ಹೊತ್ತಿನ ಸೂಜಿ ತಪ್ಪಿದರೆ ಸಕ್ಕರೆ ಏರುತ್ತದೆಯೇ ಹೊರತು ತಕ್ಷಣದ ಅಪಾಯವಿಲ್ಲ. ಸಕ್ಕರೆ ಕುಸಿದರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಕುತ್ತು ಬರಬಹುದು. ಹೊಸಬರು ಸೂಜಿಗೆ ಮೊದಲಿನ ಸಕ್ಕರೆ 200ಕ್ಕಿಂತ ಕೆಳಗಿದ್ದಾಗ ವೈದ್ಯರನ್ನು ಕೇಳದೆ ಹಾಕಬಾರದು ಎಂಬ ರೂಢಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಇಂದು ರಾತ್ರಿ ಎರಡು ಮೂರು ಬಾರಿ ಪರೀಕ್ಷಿಸಿ. 60ಕ್ಕಿಂತ ಕೆಳಗೆ ಬಂದರೆ, ಇಲ್ಲವೇ ತೂರಾಟ, ನಡುಕ, ಮಂಪರು ಕಂಡರೆ ಜೇನುತುಪ್ಪವನ್ನೋ ಸಕ್ಕರೆ ಪಾಕವನ್ನೋ ಬೆರಳಿನಿಂದ ಒಸಡಿಗೆ ಸವರಿ. ಎಚ್ಚರ ತಪ್ಪಿದ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬಾರದು. ಅನಂತರ ಆಸ್ಪತ್ರೆಗೆ ಕರೆದೊಯ್ಯಿರಿ. ನಿನ್ನೆ ರಾತ್ರಿ ನೀವು ಕಂಡದ್ದು ಬಹುಶಃ ಇದೇ ಸ್ಥಿತಿ.

ಬೆಳಗಿನ 362ರ ಬಗ್ಗೆ: ಸಕ್ಕರೆ ಬಹಳ ಕೆಳಗಿಳಿದಾಗ ದೇಹವು ತನ್ನ ರಕ್ಷಣೆಗಾಗಿ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಅದರ ಮೇಲೆ ನೀವು ಕೊಟ್ಟ ರೊಟ್ಟಿ ಹಾಲೂ ಸೇರಿದೆ. ಆದ್ದರಿಂದ ಒಂದೇ ಒಂದು ದೊಡ್ಡ ಸಂಖ್ಯೆಯನ್ನು ನೋಡಿ ಪ್ರಮಾಣ ಏರಿಸುವುದು ಎಷ್ಟೋ ಸಲ ತಲೆಕೆಳಗಾದ ತೀರ್ಮಾನವಾಗುತ್ತದೆ. ಸರಿಯಾದ ಸಿರಿಂಜಿನಲ್ಲಿ ವೈದ್ಯರು ಹೇಳಿದ ಪ್ರಮಾಣವನ್ನು ಏಳೆಂಟು ದಿನ ಬದಲಿಸದೆ ಕೊಟ್ಟು, ಆಮೇಲೆ ಒಂದು ದಿನ ಬೆಳಗಿನ ಸೂಜಿಯಿಂದ ಸಂಜೆಯ ಸೂಜಿಯವರೆಗೆ ಎರಡು ಗಂಟೆಗೊಮ್ಮೆ ಪರೀಕ್ಷಿಸಿ ಬರೆದಿಡಿ. ನಮಗೆ ಮುಖ್ಯವಾಗುವುದು ನಡುವಿನ ಅತಿ ಕಡಿಮೆ ಸಂಖ್ಯೆ. ಅದು 80ರಿಂದ 150ರ ಆಸುಪಾಸಿನಲ್ಲಿದ್ದರೆ ಸಾಕು. ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅದನ್ನು ಬಳಸಬಾರದೆಂದಲ್ಲ, ಪ್ರತಿ ಸಲವೂ ಅದೇ ಯಂತ್ರವನ್ನು ಬಳಸಿ, ಯಾವ ಯಂತ್ರವೆಂದು ವೈದ್ಯರಿಗೆ ತಿಳಿಸಿ.

ರೊಟ್ಟಿ ಹಾಲನ್ನು ಒಮ್ಮೆಲೇ ನಿಲ್ಲಿಸಬೇಡಿ. ಬೆಕ್ಕು ಮಾಂಸಾಹಾರಿ ಪ್ರಾಣಿ, ಅದಕ್ಕೆ ಪಿಷ್ಟ ಕಡಿಮೆಯಾದಷ್ಟೂ ಒಳ್ಳೆಯದು ಎಂಬುದು ನಿಜ. ಆದರೆ ಪಿಷ್ಟ ತಗ್ಗಿದ ಕೂಡಲೇ ಇನ್ಸುಲಿನ್ ಅಗತ್ಯವೂ ತಗ್ಗುತ್ತದೆ. ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ನಿನ್ನೆಯ ರಾತ್ರಿ ಮರುಕಳಿಸುತ್ತದೆ.

ಸೂಜಿಮಲ್ಲಿಗೆ

ಡಾಕ್ಟರರ ಮಾತಿಗೆ ಕೈಯಳತೆಯ ಒಂದೆರಡು ವಿಷಯ ಸೇರಿಸುತ್ತೇನೆ. ಕಿವಿಯ ಹೊರ ಅಂಚಿನಲ್ಲಿ ಸಣ್ಣ ರಕ್ತನಾಳ ಓಡುತ್ತದೆ. ಹಿಂಬದಿಯಲ್ಲಿ ಮಡಿಸಿದ ಹತ್ತಿಯನ್ನು ಒತ್ತಿ ಹಿಡಿದು ಆ ನಾಳಕ್ಕೂ ಅಂಚಿಗೂ ನಡುವೆ ಚುಚ್ಚಿದರೆ ಗ್ಲುಕೋಮೀಟರಿನ ಪಟ್ಟಿಗೆ ಸಾಕಾಗುವಷ್ಟು ಹನಿ ಬರುತ್ತದೆ. ಕಿವಿ ತಣ್ಣಗಿದ್ದರೆ ಬೆಚ್ಚಗೆ ಮಾಡಿಕೊಳ್ಳಿ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಆ ಮಾತಿಗೆ ಬೆಕ್ಕೂ ನಕ್ಕೀತು. ಪ್ರತಿ ಸಲ ಚುಚ್ಚಿದ ಮೇಲೆ ಬೇಯಿಸಿದ ಕೋಳಿಯ ಒಂದು ಚೂರು ಕೊಡಿ. ನಮ್ಮದು ಶಾಕಾಹಾರಿ ಮನೆ. ಅತ್ತೆಯವರು ಮೊದಲು ಮೊಟ್ಟೆಗೆ, ಆಮೇಲೆ ಹಿತ್ತಲಿನಲ್ಲಿ ಬೇರೆ ಪಾತ್ರೆಗೆ ಒಪ್ಪಿದರು. ಈಗ ನಮ್ಮ ಬೆಕ್ಕು ಸಮಯಕ್ಕೆ ಸರಿಯಾಗಿ ತಾನೇ ಬಂದು ಕುಳಿತುಕೊಳ್ಳುತ್ತದೆ.

ಸೀಸೆಯನ್ನು ಫ್ರಿಜ್ಜಿನಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯ ಪಕ್ಕದಲ್ಲಿ ಇಡಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಕರೆಂಟು ಹೋಗಿ ಫ್ರಿಜ್ಜು ಬಿಸಿಯಾಗತೊಡಗಿದರೆ ಸೀಸೆಯನ್ನು ಡಬ್ಬಿಯಲ್ಲಿ ಭದ್ರಪಡಿಸಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯಲ್ಲಿ ಇಡುವುದು ನಮ್ಮ ಮನೆಯ ರೂಢಿ.

ಮಾವಿನಕೆರೆ ದಂಡೆ

ಹತ್ತು ದಿನಗಳ ಬಳಿಕ ಬರೆಯುತ್ತಿದ್ದೇನೆ. ಅಂದು ಸೂಜಿ ಬಿಡುವಂತೆ ನಮ್ಮ ವೈದ್ಯರೂ ಹೇಳಿದರು. ಮರುದಿನದಿಂದ ಅರ್ಧ ಯೂನಿಟ್ ಗೆರೆಗಳೂ ಇರುವ ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ ನಿಜವಾದ 1 ಯೂನಿಟ್ ನಡೆಯುತ್ತಿದೆ. ನಿನ್ನೆ ದಿನವಿಡೀ ಪರೀಕ್ಷಿಸಿದೆ: ಬೆಳಿಗ್ಗೆ 6ಕ್ಕೆ 296, 8ಕ್ಕೆ 262, 10ಕ್ಕೆ 211, ಮಧ್ಯಾಹ್ನ 12ಕ್ಕೆ 168, 2ಕ್ಕೆ 142, 4ಕ್ಕೆ 187, ಸಂಜೆ 6ಕ್ಕೆ 243. ತೂರಾಟ ಮತ್ತೆ ಕಂಡಿಲ್ಲ, ನೀರು ಕುಡಿಯುವುದು ಕಡಿಮೆಯಾಗಿದೆ. ಹಿಮ್ಮಡಿ ಊರುವುದು ಮಾತ್ರ ಹಾಗೆಯೇ ಇದೆ. ತಂದೆಯವರ ಸಿರಿಂಜುಗಳನ್ನು ಅವರ ಕೋಣೆಯ ಕಪಾಟಿಗೆ ಸಾಗಿಸಿದ್ದೇನೆ. ಬೆಕ್ಕಿನ ಔಷಧಿ ತಮ್ಮ ಸಿರಿಂಜಿನಲ್ಲಿ ಬಂದೀತೆಂದು ಅವರಿಗೂ ಈಗ ದಿಗಿಲು.

ಪಶುವೈದ್ಯ (ಕೊಪ್ಪಳ)

ಸಮಾಧಾನಕರವಾದ ಇಳಿತ. ಸದ್ಯಕ್ಕೆ ಪ್ರಮಾಣ ಬದಲಿಸುವ ಕಾರಣ ನನಗೆ ಕಾಣುವುದಿಲ್ಲ. ಹಿಮ್ಮಡಿ ಊರುವುದು ಸಕ್ಕರೆ ಕಾಯಿಲೆಯಿಂದ ಕಾಲಿನ ನರಗಳು ಸೊರಗಿದ್ದರ ಗುರುತು; ಅವು ಚೇತರಿಸಿಕೊಳ್ಳಲು ವಾರಗಳಲ್ಲ, ತಿಂಗಳುಗಳೇ ಬೇಕಾಗುತ್ತವೆ. ಆಹಾರ ಬದಲಿಸುವ ಹಿಂದಿನ ದಿನ ನಿಮ್ಮ ವೈದ್ಯರಿಗೆ ತಿಳಿಸಿ, ಆ ವಾರ ಮಧ್ಯಾಹ್ನ ಎರಡರ ಪರೀಕ್ಷೆಯನ್ನು ತಪ್ಪಿಸಬೇಡಿ.