ತಮ್ಮನ ಸಾಲ ನಾನೇ ಕಟ್ಟುತ್ತಿದ್ದೇನೆ, ಇದು ತಪ್ಪಾ ಮೇಡಂ?

ಪ್ರಶ್ನೆ (ಹೆಸರು ಬೇಡ ಎಂದಿದ್ದಾರೆ): ಮೇಡಂ, ನಾನು ತುಮಕೂರಿನಲ್ಲಿ ಟೀಚರ್. ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅಮ್ಮ ತೀರಿಕೊಂಡ ಮೇಲೆ ಅವನ ಕುಡಿತ ಜಾಸ್ತಿಯಾಯಿತು. ಲೋನ್ ಆ್ಯಪ್‌ಗಳಲ್ಲಿ ಸಾಲ ಮಾಡುತ್ತಾನೆ, ಕಂತು ನಾನು ಕಟ್ಟುತ್ತೇನೆ. ಚೀಟಿ ಎತ್ತಿದ ದುಡ್ಡೂ ಅಲ್ಲಿಗೇ ಹೋಯಿತು, ನಮ್ಮ ಯಜಮಾನರಿಗೆ ಗೊತ್ತಿಲ್ಲ. ಅವನು ಏಳದ ದಿನ ಸೂಪರ್‌ವೈಸರ್‌ಗೆ ‘ಜ್ವರ ಬಂದಿದೆ’ ಅಂತ ಫೋನ್ ಮಾಡುವವಳೂ ನಾನೇ. ರಾತ್ರಿ ಅವನ ವಾಟ್ಸಾಪ್ ಲಾಸ್ಟ್ ಸೀನ್ ನೋಡದೆ ನಿದ್ದೆ ಬರುವುದಿಲ್ಲ. ಗೆಳತಿ ಇದಕ್ಕೆ ಕೋಡಿಪೆಂಡೆನ್ಸಿ ಅಂತಾಳೆ. ಅಕ್ಕ ಆದವಳು ಇಷ್ಟೂ ಮಾಡದಿದ್ದರೆ ಹೇಗೆ?

ಉತ್ತರ (ಆಪ್ತಸಮಾಲೋಚಕಿ): ಮೊದಲು ಒಂದು ಮಾತು. ಕೋಡಿಪೆಂಡೆನ್ಸಿ, ಅಂದರೆ ಇನ್ನೊಬ್ಬರ ಚಟದ ಸುತ್ತಲೇ ನಮ್ಮ ಬದುಕು ಸುತ್ತುವುದು, ಕಾಯಿಲೆಯ ಹೆಸರಲ್ಲ. ಮನೋವೈದ್ಯರು ಬಳಸುವ ರೋಗಗಳ ಪಟ್ಟಿಯಲ್ಲಿ ಇದು ಇಲ್ಲ. ಅಮೆರಿಕದಲ್ಲಿ ಕುಡಿತ ಬಿಡಿಸುವ ಕೇಂದ್ರಗಳ ಕಡೆಯಿಂದ ಬಂದ ಮಾತು. ಅಲ್ಲಿ ಕುಡಿಯುವವರಿಗಾಗಿ 1935ರಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನುವ, ಒಬ್ಬರಿಗೊಬ್ಬರು ನೆರವಾಗುವ ಗುಂಪು ಶುರುವಾಯಿತು. 1951ರಲ್ಲಿ ಅವರ ಮನೆಯವರಿಗಾಗಿಯೇ ಅಲ್-ಅನಾನ್ ಹುಟ್ಟಿತು. ಕುಡಿಯುವವನು ಒಬ್ಬನೇ ಆದರೂ ಮನೆಮಂದಿಯೆಲ್ಲ ಅವನ ಸುತ್ತಲೇ ಸುತ್ತುತ್ತಾರೆ ಅನ್ನುವುದು ಅವರಿಗೆ ಆಗಲೇ ಗೊತ್ತಿತ್ತು.

ನಮ್ಮಲ್ಲಿ ಅಕ್ಕ ಅಂದರೆ ಅರ್ಧ ತಾಯಿ. ತಮ್ಮನ ಫೀಸು ಕಟ್ಟುವುದು, ಹುಷಾರಿಲ್ಲದಾಗ ಓಡಿಹೋಗುವುದು, ಇದಕ್ಕೆಲ್ಲ ಆ ಹೆಸರು ಅಂಟಿಸುವುದನ್ನು ನಾನು ಒಪ್ಪುವುದಿಲ್ಲ. ಎಷ್ಟು ಮಾಡುತ್ತೀರಿ ಅನ್ನುವುದಕ್ಕಿಂತ, ಮಾಡಿದ್ದರಿಂದ ಏನಾಗುತ್ತಿದೆ ಅಂತ ನೋಡಿ.

ಆ ಜ್ವರದ ಫೋನನ್ನೇ ತೆಗೆದುಕೊಳ್ಳಿ. ನೀವು ಫೋನ್ ಮಾಡಿದ ಕೂಡಲೇ ಸೂಪರ್‌ವೈಸರ್ ಸುಮ್ಮನಾಗುತ್ತಾರೆ. ತಮ್ಮ ಹನ್ನೊಂದಕ್ಕೆ ಏಳುತ್ತಾನೆ, ಬೈಗುಳವಿಲ್ಲ, ಸಂಬಳ ಕಟ್ ಇಲ್ಲ. ಅವನ ಮಟ್ಟಿಗೆ ನಿನ್ನೆ ರಾತ್ರಿ ಏನೂ ನಡೆದೇ ಇಲ್ಲ. ನಡೆದದ್ದೆಲ್ಲ ನಿಮಗೆ. ಸುಳ್ಳು ಹೇಳಿದ ಅಳುಕು ನಿಮ್ಮದು, ಇಡೀ ದಿನ ಕ್ಲಾಸಿನಲ್ಲಿ ಮನಸ್ಸಿಲ್ಲದೆ ನಿಂತದ್ದು ನಿಮ್ಮದು. ಕುಡಿದದ್ದು ಅವನು, ಹ್ಯಾಂಗೋವರ್ ನಿಮಗೆ. ನಿಮ್ಮ ಗೆಳತಿ ಹೇಳಿದ್ದು ಇದನ್ನೇ.

ಇನ್ನೂ ಒಂದನ್ನು ನೀವೇ ಬರೆದಿದ್ದೀರಿ. ಅವನು ಆನ್‌ಲೈನ್ ಬಂದರೆ ನಿದ್ದೆ, ಬರದಿದ್ದರೆ ಇಲ್ಲ. ಜೊತೆಗೆ ಯಜಮಾನರಿಂದ ಮುಚ್ಚಿಟ್ಟ ದುಡ್ಡು. ನನಗೆ ಜಾಸ್ತಿ ಆತಂಕವಾಗಿರುವುದು ಈ ಗುಟ್ಟಿನ ಬಗ್ಗೆಯೇ.

ಸಾಲದ ವಿಷಯ: ನೀವು ಜಾಮೀನು ಸಹಿ ಹಾಕಿಲ್ಲ ಅಂದರೆ ತಮ್ಮನ ಸಾಲಕ್ಕೆ ಕಾನೂನಿನಲ್ಲಿ ನೀವು ಹೊಣೆಯಲ್ಲ. ವಸೂಲಿಯವರು ನಿಮಗೆ ಫೋನ್ ಮಾಡಿ ಹೆದರಿಸಿದರೆ ಪೊಲೀಸರಿಗೆ ದೂರು ಕೊಡಬಹುದು.

ಇನ್ನೊಬ್ಬ ಸದಸ್ಯೆ: ಅಕ್ಕಾ, ನಮ್ಮ ಪಕ್ಕದ ಮನೆಯವರು ಕುಡಿತ ಬಿಡಿಸುವ ಮಾತ್ರೆ ಪುಡಿ ಮಾಡಿ ಸಾಂಬಾರಿಗೆ ಹಾಕುತ್ತಿದ್ದರು. ಅದನ್ನೂ ಒಮ್ಮೆ ನೋಡಿ.

ಉತ್ತರ: ದಯವಿಟ್ಟು ಬೇಡ. ಅಂಥ ಮಾತ್ರೆಗಳಲ್ಲಿ ಹೆಚ್ಚಾಗಿ ಇರುವುದು ಡೈಸಲ್ಫಿರಾಮ್. ಅದು ಹೊಟ್ಟೆಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಬಿಪಿ ಕುಸಿಯುತ್ತದೆ. ಜೀವವೇ ಹೋಗಬಹುದು. ಕುಡಿಯುವವರು ತಿಳಿದು, ಒಪ್ಪಿ, ಡಾಕ್ಟರ ಕಣ್ಗಾವಲಿನಲ್ಲಿ ತೆಗೆದುಕೊಳ್ಳಬೇಕಾದ ಔಷಧಿ ಅದು. ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಇದೂ ಅವನ ಕೆಲಸವನ್ನು ಅವನಿಗೆ ಗೊತ್ತಿಲ್ಲದೆ ನಾವು ಮಾಡಲು ಹೋಗುವುದೇ ಅಲ್ವಾ?

ಪ್ರಶ್ನೆ ಕೇಳಿದವರು: ಒಮ್ಮೆ ದುಡ್ಡು ಇಲ್ಲ ಅಂದಿದ್ದೆ. ‘ಸತ್ತು ಹೋಗ್ತೀನಿ’ ಅಂದ. ಅವತ್ತೇ ಕಳಿಸಿಬಿಟ್ಟೆ.

ಉತ್ತರ: ಆ ಮಾತನ್ನು ಯಾವತ್ತೂ ಹಗುರವಾಗಿ ತೆಗೆದುಕೊಳ್ಳಬೇಡಿ, ಬರೀ ಬೆದರಿಕೆ ಅಂತಲೂ ಅಂದುಕೊಳ್ಳಬೇಡಿ. ‘ಸಾಯುವ ಯೋಚನೆ ಬರ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹೆಚ್ಚುತ್ತದೆ ಅನ್ನುವುದು ತಪ್ಪು ಕಲ್ಪನೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. ಬೆಂಗಳೂರಿನಲ್ಲಿ ಅವನ ಹತ್ತಿರ ಯಾರಿದ್ದಾರೋ ಅವರನ್ನು ಕಳಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆದರೆ ಸಾವಿನ ಮಾತಿಗೆ ಚಿಕಿತ್ಸೆ ಬೇಕು, ಕಂತು ಕಟ್ಟುವುದು ಚಿಕಿತ್ಸೆಯಲ್ಲ.

ಹಾಗೆಯೇ ‘ಇವತ್ತಿನಿಂದಲೇ ಬಿಡು’ ಅಂತ ಪಟ್ಟು ಹಿಡಿಯಬೇಡಿ. ದಿನವೂ ತುಂಬಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲೇ ಫಿಟ್ಸ್ ಬರಬಹುದು, ಆಮೇಲೆ ಬುದ್ಧಿ ಕಲಸಿದಂತಾಗಬಹುದು. ಡಾಕ್ಟರ ಕೈಯಲ್ಲೇ ಬಿಡಿಸಬೇಕು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ, ಅವನಿರುವ ಊರಿನಲ್ಲೇ ಆಯಿತು.

ಪ್ರಶ್ನೆ ಕೇಳಿದವರು: ಎಲ್ಲಿಂದ ಶುರು ಮಾಡಲಿ ಮೇಡಂ? ಕೈಕಾಲು ಆಡುತ್ತಿಲ್ಲ.

ಉತ್ತರ: ಯಜಮಾನರಿಂದ. ಚೀಟಿ ದುಡ್ಡಿನ ವಿಷಯ ಈ ವಾರವೇ ಹೇಳಿಬಿಡಿ. ಕೋಪ ಮಾಡಿಕೊಳ್ಳಬಹುದು. ಆದರೂ ಇಷ್ಟು ಭಾರ ಒಬ್ಬರೇ ಹೊರುವುದು ಬೇಡ.

ಆಮೇಲೆ ತಮ್ಮನಿಗೆ. ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಲು ಹೋಗಬೇಡಿ, ನಿಮಗೇ ಆಗುವುದಿಲ್ಲ. ಮೊದಲು ಸುಳ್ಳು ಫೋನ್ ಒಂದನ್ನು ಬಿಡಿ. ‘ಇನ್ನು ಮೇಲೆ ರಜೆ ನೀನೇ ಕೇಳ್ಕೋ ಕಣೋ. ಆಸ್ಪತ್ರೆಗೆ ಹೋಗ್ತೀನಿ ಅಂದ್ರೆ ನಾನೇ ಬಂದು ಜೊತೆಗಿರ್ತೀನಿ’, ಇಷ್ಟು ಸಾಕು. ಕುಡಿದಾಗ ಹೇಳಬೇಡಿ. ಭಾನುವಾರ ಬೆಳಿಗ್ಗೆ, ತಿಂಡಿ ಆದಮೇಲೆ ಹೇಳಿ.